ಭೋಸರಿಯ ಬೇಸಿಗೆ, ಕುಂಡದ ಮಲ್ಲಿಗೆ

ಊರಿಗೆ ಹೋದಾಗ ಯಾರಾದರೂ "ಪುಣೇದಾಗ ಎಲ್ಲಿರ್ತೀರಿ?" ಎಂದು ಕೇಳಿದರೆ ಮೊದಮೊದಲು ನಾನು ಭೋಸರಿ ಎನ್ನುತ್ತಿರಲಿಲ್ಲ. ಪಿಂಪರಿ-ಚಿಂಚವಡ ಎಂದು ಹೇಳಿ ಮಾತು ಮುಗಿಸುತ್ತಿದ್ದೆ. ಭೋಸರಿ ಎಂದರೆ ಗೊತ್ತಿದ್ದವರ ಮುಖದಲ್ಲಿ ಒಂದು ಬಗೆಯ ಕನಿಕರ ಕಾಣಿಸುತ್ತಿತ್ತು. "ಅಲ್ಲಿ ಬರೇ ಫ್ಯಾಕ್ಟರಿ ಅಲ್ಲೇನ್ರಿ?" ಅನ್ನುತ್ತಿದ್ದರು. ಸುಳ್ಳೇನಲ್ಲ. 1962ರಲ್ಲಿ ಎಂಐಡಿಸಿ ಸ್ಥಾಪನೆಯಾಗಿ, ಇಲ್ಲಿಯ ಜೋಳ-ಬಾಜ್ರಿಯ ಹೊಲಗಳು ಪ್ಲಾಟುಗಳಾದ ಮೇಲೆ ಭೋಸರಿಯ ದಿನಚರಿಯನ್ನು ನಿರ್ಧರಿಸುವುದು ಕಾರ್ಖಾನೆಯ ಶಿಫ್ಟುಗಳೇ. ಲೇಥ್ ಮಶೀನಿನ ಶೆಡ್ಡು, ಅದರ ಪಕ್ಕದಲ್ಲಿ ಪೌಡರ್ ಕೋಟಿಂಗ್, ಅದರ ಪಕ್ಕ ವಡಾಪಾವ್ ಗಾಡಿ, ಅದರ ಮುಂದೆ ಕಬ್ಬಿಣದ ಪಟ್ಟಿ ಹೇರಿಕೊಂಡು ಹಾರ್ನ್ ಹೊಡೆಯುತ್ತಿರುವ ಟೆಂಪೊ. ಪುಣೆ-ನಾಸಿಕ್ ಹೆದ್ದಾರಿಯ ಮೇಲ್ಸೇತುವೆಯ ಕೆಳಗೆ ಸಂಜೆ ಆರಕ್ಕೆ ನಿಂತರೆ ಕಲಬುರಗಿಯ ಕನ್ನಡ, ವಿಜಯಪುರದ ಕನ್ನಡ, ಅಕ್ಕಲಕೋಟೆಯ ಕನ್ನಡ ಎಲ್ಲವೂ ಒಟ್ಟಿಗೆ ಕಿವಿಗೆ ಬೀಳುತ್ತವೆ.

ಇಂಥ ಊರಿನಲ್ಲಿ ನನ್ನದೊಂದು ಹೂದೋಟವಿದೆ. ತೋಟ ಎಂದರೆ ನಗಬೇಡಿ. ಇಂದ್ರಾಯಣಿನಗರದ ಹತ್ತಿರ ನಾಲ್ಕು ಮಾಳಿಗೆಯ ಕಟ್ಟಡದ ಮೂರನೇ ಮಾಳಿಗೆಯಲ್ಲಿ ನಮ್ಮ ಮನೆ. ಪಶ್ಚಿಮಕ್ಕೆ ಮುಖ ಮಾಡಿದ ಒಂದು ಬಾಲ್ಕನಿ, ತಲೆಯ ಮೇಲಿನ ಟೆರೇಸಿನಲ್ಲಿ ಸೊಸಾಯಿಟಿಯವರು ಒಪ್ಪಿ ಬಿಟ್ಟುಕೊಟ್ಟ ಒಂದು ಮೂಲೆ. ಎರಡೂ ಸೇರಿ ಮೂವತ್ತನಾಲ್ಕು ಕುಂಡಗಳು. ಕುಂಡಗಳೆಂದರೂ ಪೂರ್ತಿ ಸರಿಯಲ್ಲ. ಅರ್ಧ ಮಣ್ಣಿನ ಕುಂಡಗಳು. ಉಳಿದವು ನಮ್ಮವರು ಗುಜರಿ ಅಂಗಡಿಯಿಂದ ತಂದ ಪೇಂಟಿನ ಡಬ್ಬಿಗಳು, ಒಂದೆರಡು ಕುಯ್ದ ನೀಲಿ ಡ್ರಮ್ಮುಗಳು. ಎಂಐಡಿಸಿಯಲ್ಲಿದ್ದು ದುಡ್ಡು ಕೊಟ್ಟು ಕುಂಡ ಕೊಳ್ಳುವುದು ನಮ್ಮವರ ಪ್ರಕಾರ ಅಪರಾಧ.

ಕುಂಡದ ಮಾತು ಬಂದದ್ದಕ್ಕೆ ಒಂದು ವಿಷಯ. ಮದುವೆಯಾಗಿ ಬಂದ ಹೊಸತರಲ್ಲಿ, 2009ರಲ್ಲಿ, ಮೋಶಿ ದಾರಿಯ ಒಂದು ನರ್ಸರಿಗೆ ಹೋಗಿದ್ದೆ. ತುಳಸಿ ಸಸಿ ಆರಿಸಿಕೊಂಡು ನಿಂತಾಗ ಅಲ್ಲಿಯ ಹುಡುಗ ಬಲು ವಿನಯದಿಂದ ನನಗೆ "ಕುಂಡಿ" ಬೇಕೇ ಎಂದು ಮರಾಠಿಯಲ್ಲಿ ಕೇಳಿದ. ಧಾರವಾಡದವಳಾದ ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮರಾಠಿಯಲ್ಲಿ ಕುಂಡಿ ಎಂದರೆ ಹೂಕುಂಡ. ಕನ್ನಡದಲ್ಲಿ ಏನೆಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆಮೇಲೆ ಒಂದೊಂದೇ ಹೆಸರು ಕಲಿತೆ. ನಮ್ಮ ದುಂಡುಮಲ್ಲಿಗೆ ಇಲ್ಲಿ ಮೊಗ್ರಾ, ದಾಸವಾಳ ಜಾಸ್ವಂದ, ನಿತ್ಯಪುಷ್ಪ ಸದಾಫುಲಿ. ಅಬ್ಬಲಿಗೆ ಮಾತ್ರ ಅಬೋಲಿ ಎಂದು ಕೇಳಿದಾಗ ನಮ್ಮ ಓಣಿಯ ಹುಡುಗಿಯೊಬ್ಬಳು ಬೇರೆ ಸೀರೆ ಉಟ್ಟು ಎದುರಿಗೆ ಬಂದಂತಾಯಿತು.

ಪುಣೆ ತಂಪು ಊರು ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಇದೆ. ಮಾರ್ಚ್‌ ಹದಿನೈದರ ತನಕ ಆ ನಂಬಿಕೆ ಇಟ್ಟುಕೊಳ್ಳಬಹುದು. ಆಮೇಲೆ ಗಾಳಿ ಒಣಗುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಟೆರೇಸಿನ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಡಲಾಗುವುದಿಲ್ಲ. 2019ರ ಏಪ್ರಿಲ್ ಕೊನೆಯಲ್ಲಿ ಪುಣೆಯಲ್ಲಿ 43 ಡಿಗ್ರಿ ಆಗಿತ್ತು. ಅವತ್ತು ನನ್ನ ಕಪ್ಪು ಪ್ಲಾಸ್ಟಿಕ್ ಡಬ್ಬಿಗಳ ಹೊರಮೈ ಮುಟ್ಟಿ ನೋಡಿದೆ. ಚಹಾದ ಪಾತ್ರೆ ಮುಟ್ಟಿದ ಹಾಗಿತ್ತು. ಗಿಡದ ಎಲೆ ಬಾಡಿದ್ದು ನಮ್ಮ ಕಣ್ಣಿಗೆ ಕಾಣುತ್ತದೆ, ಬೇರು ಬೆಂದದ್ದು ಕಾಣುವುದಿಲ್ಲ. ಅದಕ್ಕೇ ಅನೇಕರು ಬಾಡಿದ ಗಿಡಕ್ಕೆ ನಡುಮಧ್ಯಾಹ್ನ ನೀರು ಸುರಿದು, ಸಂಜೆಗೆ ಅದು ಇನ್ನಷ್ಟು ಬಾಡಿದ್ದು ಕಂಡು ಮತ್ತೆ ಸುರಿಯುತ್ತಾರೆ. ನಾನೂ ಹಾಗೇ ಮಾಡಿ ಮೂರು ಗುಲಾಬಿ ಕೊಂದಿದ್ದೇನೆ.

ಅವ್ವನಿಗೆ ಫೋನ್ ಮಾಡಿ ಅತ್ತದ್ದುಂಟು. ಧಾರವಾಡದ ನಮ್ಮ ಹಿತ್ತಲಿನಲ್ಲಿ ಅವ್ವ ಗಿಡಗಳ ಮೇಲೆ ಪ್ರೀತಿಗಿಂತ ಅಧಿಕಾರ ಹೆಚ್ಚು ನಡೆಸುವವಳು. "ಗಿಡಕ್ಕ ನೀರ ಹಾಕೂದಂದ್ರ ಬಕೆಟ್ ಸುರುವೂದಲ್ಲ. ಮೊದಲ ಬೆರಳ ಹಾಕಿ ಕೇಳು, ನಿನಗ ನೀರಡಿಕಿ ಆಗೇದೇನು ಅಂತ" ಎಂದಳು. ತೋರುಬೆರಳಿನ ಎರಡು ಗೆಣ್ಣಿನಷ್ಟು ಆಳ ಮಣ್ಣಲ್ಲಿ ಚುಚ್ಚಿ, ತೇವ ಹತ್ತಿದರೆ ಆ ಹೊತ್ತು ನೀರಿಲ್ಲ. ಇವತ್ತಿಗೂ ನನ್ನ ಬಲಗೈ ತೋರುಬೆರಳ ಉಗುರಿನಲ್ಲಿ ಮಣ್ಣು ಇರುತ್ತದೆ.

ಆ ಮಣ್ಣಿನದ್ದೇ ಇನ್ನೊಂದು ರಾಮಾಯಣ. ಭೋಸರಿಯ ಸುತ್ತ ಅಗೆದರೆ ಸಿಗುವುದು ಎರೆಮಣ್ಣು, ಇಲ್ಲವೇ ಮುರುಮು. ಎರೆ ನೀರು ಹಿಡಿದಿಟ್ಟುಕೊಳ್ಳುತ್ತದೆ ನಿಜ. ಆದರೆ ಕುಂಡದಲ್ಲಿ ಒಣಗಿತೆಂದರೆ ಅಂಚಿನಿಂದ ಬಿರುಕು ಬಿಟ್ಟು, ಹಾಕಿದ ನೀರೆಲ್ಲ ಬಿರುಕಿನಿಂದ ಇಳಿದು ತಳದ ತೂತಿನಿಂದ ಹೊರಗೆ ಹೋಗುತ್ತದೆ. ಬೇರಿಗೆ ಹನಿ ತಲುಪಿರುವುದಿಲ್ಲ, ನಾವು ಮಾತ್ರ ತೃಪ್ತರಾಗಿರುತ್ತೇವೆ. ನರ್ಸರಿಯಿಂದ ತಂದ ಸಸಿಗಳ ಕಥೆ ಇದಕ್ಕೆ ತಿರುವುಮುರುವು. ಅವುಗಳ ಬುಡಕ್ಕೆ ಅಂಟು ಕೆಂಪು ಜೇಡಿಯ ಉಂಡೆ ಕಟ್ಟಿರುತ್ತಾರೆ. ಬಿಸಿಲಿಗೆ ಅದು ಇಟ್ಟಿಗೆಯಾಗುತ್ತದೆ. ನಾನೀಗ ಅರ್ಧ ಕೆಮ್ಮಣ್ಣು, ಕಾಲು ಭಾಗ ಹಳೆಯ ಸೆಗಣಿಗೊಬ್ಬರ, ಉಳಿದದ್ದು ತೆಂಗಿನ ನಾರಿನ ಪುಡಿ, ಒಂದು ಹಿಡಿ ಮರಳು ಬೆರೆಸುತ್ತೇನೆ. ಈ ಕೆಲಸ ಜನವರಿ-ಫೆಬ್ರವರಿಯಲ್ಲೇ ಮುಗಿಯಬೇಕು. ಮೇ ತಿಂಗಳಲ್ಲಿ ಗಿಡದ ಮನೆ ಬದಲಿಸಬಾರದು, ಎಷ್ಟೇ ಆಸೆಯಾದರೂ.

ಮಲ್ಲಿಗೆಯ ಲೆಕ್ಕವೂ ಚಳಿಗಾಲದಿಂದಲೇ ಶುರು. ಡಿಸೆಂಬರ್ ಕೊನೆಗೆ ನೀರು ಕಡಿಮೆ ಮಾಡಿ, ಎಲೆ ಉದುರಿಸಿ, ಮೊಣಕಾಲೆತ್ತರಕ್ಕೆ ಕತ್ತರಿಸಿಬಿಟ್ಟರೆ ನೋಡಿದವರು ಗಿಡ ಸತ್ತಿದೆ ಎನ್ನಬೇಕು. ಗೊಬ್ಬರ ಕೊಟ್ಟು ಮತ್ತೆ ನೀರು ಶುರು ಮಾಡಿದರೆ ಮಾರ್ಚ್‌ನಲ್ಲಿ ಹೊಸ ಚಿಗುರು, ಚಿಗುರಿನ ತುದಿಯಲ್ಲಿ ಮೊಗ್ಗು. ಒಂದು ಸುತ್ತು ಹೂ ಮುಗಿದೊಡನೆ ತುದಿಯನ್ನು ಎರಡು ಗೆಣ್ಣು ಚಿವುಟಿದರೆ ಮೂರು ನಾಲ್ಕು ವಾರದಲ್ಲಿ ಇನ್ನೊಂದು ಸುತ್ತು. ನನ್ನ ನಾಲ್ಕು ಗಿಡಗಳಲ್ಲಿ ಒಳ್ಳೆಯ ದಿನ ಅರವತ್ತು ಮೊಗ್ಗು ಬಿಡುತ್ತವೆ. ಉಡುಪಿಯ ಶಂಕರಪುರದ ಮಲ್ಲಿಗೆಯನ್ನು ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರಲ್ಲ, ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಆ ಲೆಕ್ಕದಲ್ಲಿ ನನ್ನ ತೋಟದ ಒಂದು ದಿನದ ಫಸಲು ಚೆಂಡಿನ ಹದಿಮೂರನೆಯ ಒಂದು ಪಾಲು! ಆದರೂ ಸಂಜೆ ಐದಕ್ಕೆ ಆ ಅರವತ್ತು ಮೊಗ್ಗು ಬಿಡಿಸಿ, ಒದ್ದೆ ಬಟ್ಟೆಯಲ್ಲಿಟ್ಟು, ಏಳಕ್ಕೆ ಅವು ಅರಳಿ ಮನೆಯೆಲ್ಲ ಘಮ್ಮೆನ್ನುವಾಗ ಹೊರಗಿನಿಂದ ಬರುವ ಕಟಿಂಗ್ ಆಯಿಲಿನ ವಾಸನೆ ಸ್ವಲ್ಪ ಹೊತ್ತು ಹಿಂದೆ ಸರಿಯುತ್ತದೆ.

ತೊಂದರೆ ಏನೆಂದರೆ ಮಲ್ಲಿಗೆ ಬಿಡುವ ಕಾಲಕ್ಕೇ ನಾವು ಊರಿಗೆ ಹೋಗುವುದು. ಹೊರನಾಡಿನಲ್ಲಿರುವವರಿಗೆ ಮೇ ತಿಂಗಳೆಂದರೆ ಊರು. ಮಕ್ಕಳಿಗೆ ರಜೆ, ಊರಲ್ಲಿ ಮದುವೆ, ಮುಂಜಿವೆ, ಮಾವಿನಹಣ್ಣು. ನಾವು ಬಾಗಿಲಿಗೆ ಕೀಲಿ ಹಾಕಿ ನಾನೂರು ಕಿಲೋಮೀಟರಿಗೂ ದೂರ ಹೋಗಿ ಇಪ್ಪತ್ತು ದಿನ ಇರುತ್ತೇವೆ. ಗಿಡಗಳಿಗೆ ರಜೆ ಇಲ್ಲ.

2013ರಲ್ಲಿ ಹಾಗೆ ಹೋಗಿ ಇಪ್ಪತ್ತೆರಡು ದಿನ ಬಿಟ್ಟು ಬಂದು ಬಾಲ್ಕನಿಯ ಬಾಗಿಲು ತೆರೆದದ್ದು ನನಗೆ ಮರೆಯುವುದಿಲ್ಲ. ಹತ್ತೊಂಬತ್ತು ಕುಂಡಗಳಿದ್ದವು ಆಗ. ಎಲ್ಲವೂ ಕಂದು ಬಣ್ಣ. ಮಲ್ಲಿಗೆಯ ಮೊಗ್ಗುಗಳು ಗಿಡದ ಮೇಲೆಯೇ ಒಣಗಿ ಲವಂಗದ ಹಾಗಾಗಿದ್ದವು. ಉಳಿದದ್ದು ಒಂದು ಲೋಳೆಸರ, ಒಂದು ಕಾಗದದ ಹೂವಿನ ಗಿಡ. ಕಾಗದದ ಹೂವಿಗೆ ನೀರು ಕಡಿಮೆಯಾದಷ್ಟೂ ಹುಮ್ಮಸ್ಸು ಜಾಸ್ತಿ. ಅದು ಆ ಮಸಣದ ನಡುವೆ ಕಡುಗುಲಾಬಿ ಬಣ್ಣದಲ್ಲಿ ತುಂಬಿ ನಿಂತಿತ್ತು. ಅದನ್ನು ನೋಡಿ ಇನ್ನೂ ಸಿಟ್ಟು ಬಂತು.

ಮರುವರ್ಷ ಉಪಾಯಗಳ ಸರಣಿ. ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಮಣ್ಣಿಗೆ ತಲೆಕೆಳಗಾಗಿ ಊರುವುದು ಎರಡು ದಿನದ ಊರಿಗೆ ಸರಿ, ಇಪ್ಪತ್ತು ದಿನಕ್ಕಲ್ಲ. ಹಳೆಯ ಹತ್ತಿ ಸೀರೆಯ ಬತ್ತಿ ಹೊಸೆದು ಬಕೆಟ್‌ನಿಂದ ಕುಂಡಕ್ಕೆ ಎಳೆದಿಟ್ಟಿದ್ದು ನಿಜಕ್ಕೂ ಕೆಲಸ ಮಾಡಿತು. ಆದರೆ ತೆರೆದ ಬಕೆಟ್‌ನಲ್ಲಿ ಸೊಳ್ಳೆ ಮರಿ ಹಾಕಿ, ನಾನು ಬಂದ ದಿನವೇ ಕೆಳಗಿನ ಮನೆಯವರಿಂದ ಮಂಗಳಾರತಿ. ಬತ್ತಿಯ ಉಪಾಯ ಮಾಡುವವರು ಬಕೆಟ್ಟಿಗೆ ಬಿಗಿಯಾದ ಮುಚ್ಚಳ ಹಾಕಿ, ಬತ್ತಿಯಷ್ಟೇ ತೂತು ಬಿಡಿ.

ಎದುರುಮನೆಯ ಕಾಕೂ ಈ ಎಲ್ಲವನ್ನೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ಲಾತೂರ್ ಜಿಲ್ಲೆಯ ನಿಲಂಗಾ ಕಡೆಯವರು. ಅಜ್ಜಿಯ ಕಾಲದ ಕನ್ನಡದಲ್ಲಿ ಅವರಿಗೆ ಮೂರು ಶಬ್ದ ಉಳಿದಿವೆ: ನೀರು, ಬಾ, ಊಟ. ಮಗ ಭೋಸರಿಯ ಒಂದು ಕಂಪನಿಯಲ್ಲಿ ಫಿಟ್ಟರ್. ನಾನು ಅವರನ್ನು ಒಂದೇ ಒಂದು ಸಲವೂ ಗಿಡಗಳಿಗೆ ನೀರು ಹಾಕಿರೆಂದು ಕೇಳಿರಲಿಲ್ಲ. ಕೇಳಲು ಧೈರ್ಯವಿರಲಿಲ್ಲ ಎನ್ನುವುದೇ ಸರಿ. ನಾನು ಪೈಪ್ ಹಿಡಿದು ನಿಂತಾಗೆಲ್ಲ ಅವರ ಮುಖ ಗಂಟಾಗುತ್ತಿತ್ತು. ಜಂಬವೇನೋ ಎಂದುಕೊಂಡಿದ್ದೆ.

2016ರ ಏಪ್ರಿಲ್‌ನಲ್ಲಿ ಆ ಗಂಟು ಬಿಚ್ಚಿಕೊಂಡಿತು. ಆ ವರ್ಷ ಲಾತೂರಿನ ನೀರು ಪೂರ್ತಿ ಮುಗಿದು, ಮಿರಜ್‌ನಿಂದ ರೈಲಿನಲ್ಲಿ ನೀರು ಕಳಿಸಿದ್ದು ನಿಮಗೆ ನೆನಪಿರಬಹುದು. ಹತ್ತು ಟ್ಯಾಂಕರ್ ಡಬ್ಬಿಗಳಲ್ಲಿ ಐದು ಲಕ್ಷ ಲೀಟರ್ ಹೊತ್ತ ಮೊದಲ ಗಾಡಿ ಏಪ್ರಿಲ್ 12ಕ್ಕೆ ಲಾತೂರ್ ಮುಟ್ಟಿತು. ಟೀವಿಯಲ್ಲಿ ಅದನ್ನು ನೋಡುತ್ತಿದ್ದ ಸಂಜೆಯೇ ನಾನು ಟೆರೇಸಿನಲ್ಲಿ ಪೈಪ್ ಬಿಟ್ಟು, ಕುಂಡ ತುಂಬಿ ನೀರು ಗಟಾರಿಗೆ ಹರಿಯುತ್ತಿರುವಾಗ ಮಗಳ ಜತೆ ಮಾತಾಡುತ್ತ ನಿಂತಿದ್ದೆ. ಕಾಕೂ ಮೇಲೆ ಬಂದರು. "ಫುಲಾನ್ನಾ ಇತಕಂ ಪಾಣೀ?" ಎಂದರು. ಹೂವಿಗೆ ಇಷ್ಟು ನೀರೆ? ಅಷ್ಟೇ. ಕೂಗಲಿಲ್ಲ. ನಲ್ಲಿ ಬಂದ್ ಮಾಡಿ ಇಳಿದುಹೋದರು.

ಮರುದಿನ ನಾನೇ ಅವರ ಮನೆಗೆ ಹೋದೆ. ಚಹಾ ಕೊಟ್ಟರು. 1972ರ ಬರಗಾಲದಲ್ಲಿ ಅವರು ಸಣ್ಣ ಹುಡುಗಿ. ತಾಯಿ ಕಲ್ಲು ಒಡೆಯುವ ಕೆಲಸಕ್ಕೆ ಹೋದರೆ ಇವರು ಬಾವಿಯ ತಳದಲ್ಲಿ ತಂಬಿಗೆಯಿಂದ ನೀರು ತೋಡಿ ಕೊಡ ತುಂಬುತ್ತಿದ್ದರಂತೆ. ಈಗ ಅಣ್ಣನ ಸೊಸೆ ಲಾತೂರಿನಲ್ಲಿ ರಾತ್ರಿ ಎರಡಕ್ಕೆ ಟ್ಯಾಂಕರಿನ ಸಾಲಿನಲ್ಲಿ ನಿಲ್ಲುತ್ತಾಳೆ ಎಂದರು. ನನ್ನನ್ನು ಬೈಯಲಿಲ್ಲ. ಗಿಡ ಇಡಬೇಡ ಎನ್ನಲೂ ಇಲ್ಲ. ಆದರೆ ಆ ತಿಂಗಳು ಊರಿಗೆ ಹೋಗುವಾಗ ರಾತ್ರಿ ರೈಲು ಮಿರಜ್‌ನಲ್ಲಿ ನಿಂತಾಗ ನನಗೆ ನಿದ್ದೆ ಬರಲಿಲ್ಲ. ಎಷ್ಟೋ ವರ್ಷದಿಂದ ಮಿರಜ್ ಎಂದರೆ ನನಗೆ "ಇನ್ನೇನು ಬೆಳಗಾವಿ ಬಂತು" ಎನ್ನುವ ನಿಲ್ದಾಣ. ಅವತ್ತು ಕಿಟಕಿಯಿಂದ ನೀರಿನ ಡಬ್ಬಿಗಳಿಗಾಗಿ ಹುಡುಕಿದೆ; ಕತ್ತಲಲ್ಲಿ ಏನೂ ಕಾಣಲಿಲ್ಲ.

ಹಿಂದಿರುಗಿ ಬಂದ ಮೇಲೆ ಮೊದಲು ಅಳತೆ ಮಾಡಿದೆ. ಮೇ ತಿಂಗಳಲ್ಲಿ ನನ್ನ ಕುಂಡಗಳಿಗೆ ನಿಜಕ್ಕೂ ಬೇಕಾದದ್ದು ದಿನಕ್ಕೆ ಎರಡು ಬಕೆಟ್, ಅಂದರೆ ಮೂವತ್ತೈದು ಲೀಟರಿನಷ್ಟು. ಪೈಪಿನಿಂದ ನಾನು ಹಾಕುತ್ತಿದ್ದದ್ದು ಅದರ ಮೂರು ಪಟ್ಟಾದರೂ ಇತ್ತು. ಪೈಪ್ ಸುತ್ತಿ ಅಟ್ಟಕ್ಕೆ ಹಾಕಿದೆ. ಅಂದಿನಿಂದ ಮಗ್ಗು. ಮತ್ತೆ, ನಲ್ಲಿಯಿಂದ ನೇರ ಗಿಡಕ್ಕೆ ನೀರಿಲ್ಲ. ಆ ನೀರು ಮೊದಲು ಮನೆಯಲ್ಲಿ ಬೇರೊಂದು ಕೆಲಸ ಮಾಡಿರಬೇಕು.

ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಸೊಪ್ಪು-ತರಕಾರಿ ತೊಳೆದ ನೀರು ಎಲ್ಲ ಒಂದು ಬಕೆಟ್ಟಿಗೆ. ಅದನ್ನು ಅವತ್ತೇ ಹಾಕಿಬಿಡಬೇಕು, ಇಟ್ಟರೆ ಹುಳಿ ವಾಸನೆ. ಉಪ್ಪು ಹಾಕಿ ಬೇಯಿಸಿದ ನೀರು ಬೇಡ. ಬಟ್ಟೆ ಒಗೆದ ಸೋಪಿನ ನೀರೂ ಬೇಡ, ಅದರ ಸೋಡಾ ಮಣ್ಣನ್ನು ಕೆಡಿಸುತ್ತದೆ. ಆರ್‌ಓ ಯಂತ್ರ ಹೊರಗೆ ಬಿಡುವ ನೀರಿನ ಬಗ್ಗೆ ಜನ ನನ್ನನ್ನು ಬಹಳ ಕೇಳುತ್ತಾರೆ. ಅದರಲ್ಲಿ ಲವಣ ಜಾಸ್ತಿ. ಒಂದು ಬೇಸಿಗೆಯಿಡೀ ಅದನ್ನೇ ಹಾಕಿ ನೋಡಿದೆ. ಮಣ್ಣಿನ ಕುಂಡದ ಹೊರಗೆ ಬಿಳಿ ಪೊರೆ, ಮಲ್ಲಿಗೆಯ ಎಲೆಯ ತುದಿ ಸುಟ್ಟ ಹಾಗೆ. ಈಗ ಅದು ದಾಸವಾಳಕ್ಕೆ ಮತ್ತು ಕಾಗದದ ಹೂವಿಗೆ ಮಾತ್ರ, ಅದೂ ಒಂದು ದಿನ ಬಿಟ್ಟು ಒಂದು ದಿನ. ಮಳೆ ಬಂದಾಗ ಲವಣ ತೊಳೆದು ಹೋಗುತ್ತದೆ. ಮೇಲಿನ ಮನೆಯವರ ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಒಂದು ಡಬ್ಬಿ ಇಟ್ಟಿದ್ದೇನೆ. ಅದು ಲವಣವಿಲ್ಲದ ನೀರು, ಒಳಾಂಗಣದ ಗಿಡಗಳಿಗೆ ಹೇಳಿ ಮಾಡಿಸಿದ್ದು.

ಹಾಕಿದ ನೀರು ಉಳಿಯಬೇಕಲ್ಲ. ಅದಕ್ಕೆ ಭೋಸರಿಯೇ ದಾರಿ ತೋರಿಸಿತು. ಬೇಸಿಗೆ ಬಂತೆಂದರೆ ಇಲ್ಲಿ ಮೂಲೆಮೂಲೆಗೂ ರಸವಂತಿ ಗೃಹ, ಕಬ್ಬಿನ ಹಾಲಿನ ಅಂಗಡಿ. ಗಾಣಕ್ಕೆ ಗೆಜ್ಜೆ ಕಟ್ಟಿರುತ್ತಾರೆ. ಅದರ ಸದ್ದಿಗೇ ಅರ್ಧ ದಾಹ ಇಳಿಯುತ್ತದೆ. ಸಂಜೆ ಅಂಗಡಿಯ ಹಿಂದೆ ರಾಶಿ ಬಿದ್ದ ಕಬ್ಬಿನ ಸಿಪ್ಪೆಯನ್ನು ಕೇಳಿದರೆ ಖುಷಿಯಿಂದ ಚೀಲ ತುಂಬಿ ಕೊಡುತ್ತಾರೆ. ಹಸಿಯಾಗಿ ಹಾಕಿದರೆ ಭೋಸರಿಯ ಇರುವೆಗಳೆಲ್ಲ ಬರುತ್ತವೆ. ತೊಳೆದು, ಮೂರು ದಿನ ಬಿಸಿಲಲ್ಲಿ ಒಣಗಿಸಿ, ಸಣ್ಣಗೆ ಕತ್ತರಿಸಿ ಮಣ್ಣಿನ ಮೇಲೆ ಎರಡಂಗುಲ ಹಾಸಿದರೆ ದಿನಕ್ಕೆ ಎರಡು ಸಲ ಬೇಡುತ್ತಿದ್ದ ಕುಂಡ ಒಂದು ಸಲಕ್ಕೆ ಸುಮ್ಮನಾಗುತ್ತದೆ. ಬುಡಕ್ಕೆ ಮಾತ್ರ ತಾಗಿಸಬೇಡಿ, ಕೊಳೆಯುತ್ತದೆ. ಅದರ ಮೇಲೆ ಹಸಿರು ನೆಟ್, ಅರ್ಧ ಬಿಸಿಲು ತಡೆಯುವಂಥದ್ದು, ಏಪ್ರಿಲ್‌ನಿಂದ ಜೂನ್ ತನಕ. ಮಲ್ಲಿಗೆಯನ್ನು ಮಾತ್ರ ನೆಟ್ಟಿನ ಅಂಚಿಗಿಡಬೇಕು. ಅದಕ್ಕೆ ಬಿಸಿಲು ಬೇಕೇ ಬೇಕು, ಇಲ್ಲದಿದ್ದರೆ ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ. ಸಣ್ಣ ಕುಂಡಗಳನ್ನು ಒಂದಕ್ಕೊಂದು ತಾಗಿಸಿ ಗುಂಪು ಮಾಡಿದರೆ ಒಂದರ ನೆರಳು ಇನ್ನೊಂದಕ್ಕೆ.

ಕೀಟಗಳ ಬಗ್ಗೆ ಎರಡೇ ಮಾತು. ದಾಸವಾಳದ ಚಿಗುರಿಗೆ ಬಿಳಿ ಹಿಟ್ಟಿನಂತೆ ಅಂಟುವ ತಿಗಣೆಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಮತ್ತು ಸಂಜೆ ಹೊತ್ತು ಬೇವಿನೆಣ್ಣೆಯಲ್ಲಿ ನಾಲ್ಕು ಹನಿ ಸೋಪು ಕಲಸಿದ ನೀರು. ಗುಲಾಬಿಯ ಎಲೆಯಡಿ ಧೂಳಿನಂಥ ಬಲೆ ಕಂಡರೆ ಅದು ನುಸಿ. ಒಣ ಗಾಳಿಯೇ ಅದರ ಆಹಾರ ಎಂಬಂತೆ ಬೆಳೆಯುತ್ತದೆ, ಎಲೆಯ ಹಿಂಬದಿಗೆ ನೀರು ಚಿಮುಕಿಸಿದರೆ ತಗ್ಗುತ್ತದೆ.

ಮನೆಯೊಳಗಿನ ಗಿಡಗಳಿಗೆ, ಅಂದರೆ ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್ ಇತ್ಯಾದಿಗಳಿಗೆ, ಬೇಸಿಗೆಯಲ್ಲಿ ನೀರಿಲ್ಲದೆ ಸಾಯುವ ಭಯಕ್ಕಿಂತ ಪ್ರೀತಿಯಿಂದ ಸಾಯುವ ಭಯ ಜಾಸ್ತಿ. ನಮಗೆ ಸೆಕೆಯಾದರೆ ಅವಕ್ಕೂ ದಾಹ ಎಂದುಕೊಳ್ಳುತ್ತೇವೆ. ಸ್ನೇಕ್ ಪ್ಲಾಂಟಿಗೆ ಹದಿನೈದು ದಿನಕ್ಕೊಮ್ಮೆ ಸಾಕು. ಪಶ್ಚಿಮದ ಕಿಟಕಿಯಿಂದ ಎರಡು ಹೆಜ್ಜೆ ಹಿಂದೆ ಸರಿಸಿ, ಫ್ಯಾನಿನ ನೇರ ಗಾಳಿ ತಪ್ಪಿಸಿ, ವಾರಕ್ಕೊಮ್ಮೆ ಎಲೆಯ ಧೂಳು ಒರೆಸಿದರೆ ಮುಗಿಯಿತು. ಭೋಸರಿಯಲ್ಲಿ ಎಲೆ ಒರೆಸಿದ ಬಟ್ಟೆ ಕಪ್ಪಾಗುತ್ತದೆ. ನಾವು ಎಂಥ ಗಾಳಿ ಕುಡಿಯುತ್ತಿದ್ದೇವೆ ಎಂಬ ವರದಿ ಅದು.

2019ರ ನವೆಂಬರ್‌ನಿಂದ ಪಿಂಪರಿ-ಚಿಂಚವಡದಲ್ಲಿ ದಿನ ಬಿಟ್ಟು ದಿನ ನೀರು. ಪವನಾ ನದಿಯ ನೀರನ್ನು ರಾವೇತ್ ಬಳಿ ಎತ್ತಿ, ನಿಗಡಿಯಲ್ಲಿ ಶುದ್ಧ ಮಾಡಿ ನಮಗೆ ಬಿಡುತ್ತಾರೆ. ಊರು ಬೆಳೆದಷ್ಟು ನದಿ ಬೆಳೆಯಲಿಲ್ಲ. ಪವನಾ ಅಣೆಕಟ್ಟೆಯಿಂದಲೇ ನೇರ ಕೊಳವೆ ಎಳೆಯುವ ಯೋಜನೆಯೊಂದಿತ್ತು. ಅದನ್ನು ವಿರೋಧಿಸಿ ಮಾವಳದ ರೈತರು ಮುಂಬೈ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಗೆ ಇಳಿದಾಗ, 2011ರ ಆಗಸ್ಟ್ 9ರಂದು, ಪೊಲೀಸರ ಗೋಲಿಬಾರಿನಲ್ಲಿ ಮೂವರು ಸತ್ತರು. ಯೋಜನೆ ನಿಂತಿತು. ಆ ಸುದ್ದಿ ಓದಿದಾಗ ನಾನು ಇಲ್ಲಿಗೆ ಬಂದು ಎರಡೇ ವರ್ಷ. ನಮ್ಮ ನಲ್ಲಿಗೂ ಅದಕ್ಕೂ ಸಂಬಂಧವಿದೆ ಎಂದು ಹೊಳೆದಿರಲೇ ಇಲ್ಲ. ಈಗ ಮಗ್ಗು ಎತ್ತುವಾಗ ಕೆಲವೊಮ್ಮೆ ಹೊಳೆಯುತ್ತದೆ. ಅದಕ್ಕೆಂದು ಮಲ್ಲಿಗೆ ಬಿಡಲಿಲ್ಲ, ಹಾಗೆಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಗುಲಾಬಿ ಬಿಟ್ಟೆ. ಅದರ ಜಾಗಕ್ಕೆ ಹತ್ತು ಗಂಟೆ ಹೂ, ಸದಾಫುಲಿ, ಕಡಿಮೆ ಕೇಳುವ ಗಿಡಗಳು ಬಂದವು.

ಇಷ್ಟರ ನಡುವೆ ಕಾಕೂ ಯಾವಾಗ ನನ್ನ ಗಿಡಗಳ ಯಜಮಾನಿಯಾದರೋ ಸರಿಯಾಗಿ ಹೇಳಲಾರೆ. ನಾನು ಪೈಪ್ ಬಿಟ್ಟ ವರ್ಷ ಒಂದು ಸಂಜೆ ಅವರು ಪಾತೇಲಿಯಲ್ಲಿ ಮೆಂತ್ಯ ಸೊಪ್ಪು ತೊಳೆದ ನೀರು ತಂದು "ಹೇ ಘೇ" ಎಂದು ನನ್ನ ಕೈಗಿತ್ತರು. ಮರುದಿನವೂ ತಂದರು. ಮರುವರ್ಷ ನಾವು ಊರಿಗೆ ಹೊರಟಾಗ ಚೀಲ ಹೊತ್ತು ಮೆಟ್ಟಿಲಿಳಿಯುತ್ತಿದ್ದ ನನ್ನ ಮುಂದೆ ಕೈ ಚಾಚಿ ನಿಂತರು. ಬಾಲ್ಕನಿಯ ಕೀಲಿ. 2020ರ ಲಾಕ್‌ಡೌನ್ ಬೇಸಿಗೆಯಲ್ಲಿ ಯಾರೂ ಎಲ್ಲೂ ಹೋಗಲಾಗದೆ ಕಟ್ಟಡದ ಅರ್ಧ ಜನ ನಮ್ಮಲ್ಲಿಂದ ಕಡ್ಡಿ ಒಯ್ದು ನೆಟ್ಟರು. ಯಾವ ಕಡ್ಡಿ ಯಾರಿಗೆ ಎಂದು ನಿರ್ಧರಿಸಿದ್ದು ಕಾಕೂ.

ಅವರಿಗೆ ಹೂ ಮುಡಿಯುವ ಆಸೆ ಇಲ್ಲ. ದಿನಾ ನಾಲ್ಕು ಮೊಗ್ರಾ ವಿಠೋಬನ ಪಟಕ್ಕೆ, ಅಷ್ಟೇ. ಮೊಗ್ರಾದ ಮೇಲೆ ಜ್ಞಾನೇಶ್ವರರದೊಂದು ಅಭಂಗವಿದೆ. ಹೃದಯನಾಥ ಮಂಗೇಶ್ಕರ್ ರಾಗ ಹಾಕಿ ಲತಾ ಹಾಡಿದ್ದು. ಕಾಕೂ ಅದನ್ನು ಅಪಸ್ವರದಲ್ಲಿ ಗುನುಗುತ್ತ ನೀರು ಹಾಕುತ್ತಾರೆ. ಜ್ಞಾನೇಶ್ವರರ ಸಮಾಧಿ ಇರುವ ಆಳಂದಿ ಇಲ್ಲಿಂದ ಅರ್ಧ ಗಂಟೆಯ ದಾರಿ. ಬೇಸಿಗೆ ಮುಗಿಯಿತು ಎನ್ನುವುದಕ್ಕೆ ನಮಗೆ ಪಂಚಾಂಗ ಬೇಡ. ಆಳಂದಿಯ ಪಾಲಖಿ ಹೊರಟು ದಿಘೀ ದಾಟಿ ಪುಣೆಯತ್ತ ಸಾಗುವಾಗ, ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸರು ಸಾಲು ಸಾಲಾಗಿ ನಡೆಯುತ್ತಾರೆ. ಕುಂಡದಲ್ಲಿ ನೆಟ್ಟ ಗಿಡವೊಂದು ಪಂಢರಪುರದ ತನಕ ಕಾಲ್ನಡಿಗೆಯಲ್ಲಿ ಹೋಗುವುದನ್ನು ನಾನು ಮೊದಲು ನೋಡಿದ್ದು ಭೋಸರಿಗೆ ಬಂದ ಮೇಲೆ.

2022ರ ಜೂನ್‌ನಲ್ಲಿ ಊರಿಂದ ಹೊರಡುವಾಗ ಅವ್ವ ಈರುಳ್ಳಿಯಂಥ ಒಂದು ಗಡ್ಡೆಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಳು. ಮೇ ಫ್ಲವರ್. ಗುಲ್ಮೊಹರ್ ಅಲ್ಲ, ಗಡ್ಡೆಯಿಂದ ಬರುವ ಲಿಲಿ. ಎಲೆಗೆ ಮೊದಲು ದಂಟು ಎದ್ದು, ಅದರ ತುದಿಯಲ್ಲಿ ಕೆಂಪು ಚೆಂಡಿನಂಥ ಹೂ. ವರ್ಷಕ್ಕೆ ಒಂದೇ ಸಲ, ಒಂದು ವಾರ, ಅದೂ ಮೇ ತಿಂಗಳಲ್ಲಿ. "ಚಳಿಗಾಲದಾಗ ಮರತಬಿಡು ಅದನ್ನ. ನೀರ ಹಾಕಬ್ಯಾಡ. ಅದು ತಾನs ಏಳತದ" ಎಂದಳು.

ಎದ್ದಿತು. ಆದರೆ ಮೇ ತಿಂಗಳಲ್ಲಿ ನಾನೆಲ್ಲಿ? ಧಾರವಾಡದಲ್ಲಿ, ಅವ್ವನ ಹಿತ್ತಲಿನಲ್ಲಿ, ಅವಳ ಮೇ ಫ್ಲವರ್ ನೋಡುತ್ತಿದ್ದೆ. 2023ರಲ್ಲಿ ಕಾಕೂ ಮೊಮ್ಮಗನ ಕೈಯಲ್ಲಿ ಫೋಟೊ ತೆಗೆಸಿ ಕಳಿಸಿದರು. ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ನಮ್ಮದಕಿಂತ ಸಣ್ಣದದ" ಎಂದು ಸಮಾಧಾನಪಟ್ಟಳು. 2024ರಲ್ಲೂ ಹಾಗೇ, ಫೋಟೊದಲ್ಲೇ ನೋಡಿದ್ದು.

2025ರ ಜನವರಿಯಲ್ಲಿ ಅವ್ವ ಹೋದಳು. ಮನೆಗೆ ಕೀಲಿ ಬಿತ್ತು. ಅಣ್ಣ ಬೆಂಗಳೂರಿನಲ್ಲಿ, ಹಿತ್ತಲಿಗೆ ಈಗ ಯಾರು ನೀರು ಹಾಕುತ್ತಾರೆ ಎಂದು ಅವನನ್ನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ವರ್ಷ ಮೇ ತಿಂಗಳಲ್ಲಿ ನಾವು ಭೋಸರಿಯಲ್ಲೇ ಉಳಿದೆವು. ಮದುವೆಯಾದ ಮೇಲೆ ಲಾಕ್‌ಡೌನಿನ ಎರಡು ವರ್ಷ ಬಿಟ್ಟರೆ ಅದೇ ಮೊದಲು. ಭೈರವನಾಥನ ಜಾತ್ರೆಯ ಗದ್ದಲ ಮುಗಿದಿತ್ತು, ಕಟ್ಟಡದ ಮಕ್ಕಳೆಲ್ಲ ಅವರವರ ಊರಿಗೆ ಹೋಗಿದ್ದರು. ಸಂಜೆ ಐದಕ್ಕೆ ಮೊಗ್ಗು ಬಿಡಿಸಲು ಕೂತರೆ ಮಧ್ಯೆ ಕೈ ನಿಲ್ಲುತ್ತಿತ್ತು; ಇಷ್ಟು ಹೊತ್ತಿಗೆ ಧಾರವಾಡದಲ್ಲಿ ಅವ್ವ ಬಾಗಿಲಿಗೆ ನೀರು ಹಾಕುವ ಸಮಯ.

ಆ ವರ್ಷ ಮೇ ತಿಂಗಳ ನಡುವಿನಿಂದಲೇ ಮಳೆ ಶುರುವಾಯಿತು. ಮೇ 26ಕ್ಕೆ ಮುಂಗಾರೇ ಪುಣೆಗೆ ಬಂದುಬಿಟ್ಟಿತು, ಎಲ್ಲರೂ ಬೆರಗಾಗುವಷ್ಟು ಬೇಗ. ಮೊದಲ ಜೋರು ಮಳೆ ಹೊಡೆದು ಎರಡು ದಿನವಾಗಿರಬೇಕು, ಬೆಳಿಗ್ಗೆ ನೆಟ್ಟಿನ ಮೂಲೆಯಲ್ಲಿ ಬೋಳು ಕುಂಡದಿಂದ ಹೆಬ್ಬೆರಳು ದಪ್ಪದ ದಂಟು ಮೇಲೆದ್ದಿತ್ತು. ಐದನೆಯ ದಿನ ಚೆಂಡು ಪೂರ್ತಿ ಅರಳಿತು. ನೂರಾರು ಸಣ್ಣ ಹೂಗಳು, ಒಂದೊಂದರಿಂದಲೂ ಹೊರಚಾಚಿದ ಕೆಂಪು ಕೇಸರ, ತುದಿಯಲ್ಲಿ ಹಳದಿ ಪುಡಿ. ಫೋಟೊದಲ್ಲಿ ಹಳದಿ ಕಂಡಿರಲಿಲ್ಲ.

ಫೋನ್ ತೆಗೆದು ಫೋಟೊ ಹೊಡೆದೆ. ಆಮೇಲೆ ಯಾರಿಗೆ ಕಳಿಸಬೇಕೋ ತಿಳಿಯದೆ ಹಾಗೇ ನಿಂತೆ. ಕಾಕೂ ಮಳೆನೀರು ತುಂಬಿದ ಬಕೆಟ್ ಎಳೆದುಕೊಂಡು ಬಂದವರು ನನ್ನ ಪಕ್ಕ ನಿಂತು ಬಗ್ಗಿ ನೋಡಿದರು.

"ಹೋದ ವರ್ಷ ಇದಕ್ಕಿಂತ ದೊಡ್ಡದಾಗಿತ್ತು," ಎಂದರು ಮರಾಠಿಯಲ್ಲಿ. ಆಮೇಲೆ ನನ್ನ ಮುಖ ನೋಡಿ, ಬಕೆಟ್ಟಿನ ಹಿಡಿಯ ಒಂದು ಬದಿ ನನ್ನತ್ತ ಚಾಚಿ, ತಮಗೆ ಬರುವ ಕನ್ನಡದಲ್ಲಿ "ಬಾ" ಎಂದರು. ಟೆರೇಸಿನಲ್ಲಿ ಇನ್ನೂ ಮೂರು ಬಕೆಟ್ ತುಂಬಿದ್ದವು, ಮುಚ್ಚಳವಿಲ್ಲದವು. ಸೊಳ್ಳೆಗೆ ಮುಂಚೆ ಅವನ್ನು ಡ್ರಮ್ಮಿಗೆ ಹಾಕಬೇಕಿತ್ತು.